ಗಿರಣಿ ಕಾಕಾರಿಗೆ ಶರಣು

ಹೋದ ರವಿವಾರ ಹುಬ್ಬಳ್ಳಿಯಲ್ಲಿ ನಮ್ಮ ರಾಕ್ ಬ್ಯಾಂಡಿನ 25 ವರ್ಷದ ಕಾರ್ಯಕ್ರಮ ಆಯಿತು. ಬಂದವರಿಗೆಲ್ಲ, ಮಳೆ ಹನಿಯುತ್ತಿದ್ದರೂ ಎದ್ದು ಹೋಗದವರಿಗೆ, ಕುರ್ಚಿ ಹಾಕಿದ ಹುಡುಗರಿಗೆ ತುಂಬಾ ಥ್ಯಾಂಕ್ಸ್. ವೇದಿಕೆ ಮೇಲೆ ಗಂಟಲು ಕಟ್ಟಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1998ರಲ್ಲಿ ನಾವು ನಾಲ್ಕು ಜನ ಕಾಲೇಜು ಹುಡುಗರು. ದೇಶದ ರಾಕ್ ಬ್ಯಾಂಡ್‌ಗಳ ಗ್ರೇಟ್ ಇಂಡಿಯನ್ ರಾಕ್ ಸ್ಪರ್ಧೆ ಶುರುವಾಗಿ ಆಗಿನ್ನೂ ಒಂದೇ ವರ್ಷ. 1993ರಿಂದ ಅಲಹಾಬಾದಿನಲ್ಲಿ ರಾಕ್ ಸ್ಟ್ರೀಟ್ ಜರ್ನಲ್ ಪತ್ರಿಕೆ ತರುತ್ತಿದ್ದ ಅಮಿತ್ ಸೈಗಲ್ ಅವರೇ ಅದನ್ನು ಶುರು ಮಾಡಿದ್ದು. ಮೊದಲು ಇಂಥದ್ದು ಇರಲೇ ಇಲ್ಲ ಅಂತಲ್ಲ. ಸಿಮ್ಲಾ ಬೀಟ್ ಸ್ಪರ್ಧೆಯ ಬ್ಯಾಂಡ್‌ಗಳ ಹಾಡು 1970, 1971ರಲ್ಲೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಆಗಿ ಬಂದಿದ್ದವು. ಆದರೆ ಅಮಿತ್ ಅವರ ಸ್ಪರ್ಧೆಗೆ ಸ್ವಂತ ಹಾಡನ್ನು ಕ್ಯಾಸೆಟ್‌ನಲ್ಲಿ ತುಂಬಿ ಅಂಚೆಗೆ ಹಾಕಬಹುದಿತ್ತು. ಯಾವ ಊರಿನವರಾದರೂ ಸರಿ. ಹುಬ್ಬಳ್ಳಿ ಹುಡುಗರಿಗೆ ಅದೆಷ್ಟು ದೊಡ್ಡ ಮಾತು ಅಲ್ವಾ?

ಸ್ಟುಡಿಯೋಗೆ ದುಡ್ಡಿರಲಿಲ್ಲ. ದುರ್ಗದ ಬೈಲ್ ಹತ್ತಿರ ಗೆಳೆಯನ ಮನೆ ಅಟ್ಟದಲ್ಲಿ ಟೇಪ್ ರೆಕಾರ್ಡರ್ ಇಟ್ಟೆವು. ಕೆಳಗೆ ಹಿಟ್ಟಿನ ಗಿರಣಿ. ಪಟ್ಟಾ ತಿರುಗಿದರೆ ಅಟ್ಟವೇ ನಡುಗುತ್ತಿತ್ತು. ಹೆದರುತ್ತಲೇ ಕೆಳಗಿಳಿದು ಕೇಳಿದೆವು. ಕಾಕಾ ಮೈಮೇಲಿನ ಹಿಟ್ಟು ಝಾಡಿಸಿ, "ಅರ್ಧಾ ತಾಸು ಬಂದ್ ಇಡ್ತೀನಿ, ಅಷ್ಟರಾಗ ಬಾರಿಸಿ ಮುಗಸ್ರಿಪಾ" ಅಂದರು. ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಹಚ್ಚಿದ್ದ ಅಕ್ಕಂದಿರು ಒಂದು ಮಾತೂ ಆಡಲಿಲ್ಲ. ಅಳುತ್ತಿದ್ದ ಕೂಸನ್ನು ಒಬ್ಬರು ರಸ್ತೆಯಾಚೆ ಎತ್ತಿಕೊಂಡು ಹೋಗಿ ನಿಂತರು. ಆ ಅಕ್ಕಂದಿರ ಹೆಸರು ಇವತ್ತಿಗೂ ಗೊತ್ತಿಲ್ಲ. ಅವರಿಗೆ ಕೈಮುಗಿಯುತ್ತೇನೆ.

ನಮ್ಮ ಡ್ರಮ್ಮಿನವನು ಧಾರವಾಡಕ್ಕೆ ತಬಲಾ ಕಲಿಯಲು ಹೋಗುತ್ತಿದ್ದ. ಅವನ ಗುರುಗಳು ಕ್ಯಾಸೆಟ್ ಪೂರ್ತಿ ಕೇಳಿ, "ಲಯ ಗಟ್ಟಿ ಐತಿ, ಕಳಸು" ಅಂತ ರಿಜಿಸ್ಟರ್ ಅಂಚೆಗೆ ದುಡ್ಡು ಕೊಟ್ಟರು.

ಆಯ್ಕೆಯಾದವರಲ್ಲಿ ನಮ್ಮ ಹೆಸರು ಬರಲಿಲ್ಲ. ಬೇಜಾರಾಯಿತು, ನಿಜ. ಆದರೆ ಕಳಿಸಬೇಕು ಅಂತಲೇ ಮೂರು ಸ್ವಂತ ಹಾಡು ಕಟ್ಟಿದ್ದೆವು. ಬ್ಯಾಂಡ್ ಉಳಿದದ್ದು ಅವುಗಳಿಂದ. ಅಮಿತ್ ಅವರಿಗೆ ಒಂದು ಕಾಗದ ಬರೆಯಬೇಕು ಅಂತಿತ್ತು, ಬರೆಯಲಿಲ್ಲ. 2012ರ ಜನವರಿಯಲ್ಲಿ ಅವರು ಗೋವಾದಲ್ಲಿ ತೀರಿಕೊಂಡರು. ಅವರಿಗೂ ನನ್ನ ಶರಣು.

ರವಿವಾರ ಕಾಕಾ ಮುಂದಿನ ಸಾಲಿನಲ್ಲೇ ಕೂತಿದ್ದರು. ನಮ್ಮ ಹತ್ತಿರ ಉಳಿದ ಕ್ಯಾಸೆಟ್ ಹಾಕಿದೆವು. ಮೂರನೇ ಹಾಡಿನ ಕೊನೆಗೆ ಕೆಳಗಿನಿಂದ ಗಡಗಡ ಸದ್ದು ಏಳುತ್ತದೆ. ಅರ್ಧ ತಾಸು ಮುಗಿದಿತ್ತು. ಕಾಕಾ ಮೊಮ್ಮಗಳ ಕೈ ಹಿಡಿದು, "ಅದು ನಂದ ಗಿರಣಿ" ಅಂದರು.