ವಿಷಯ: ಕಂಪ್ಯೂಟರಿಗೆ ಸೆಲ್ ಹಾಕೋ ಕೆಲಸಕ್ಕ ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಬದಲಿ ಮಾಡಬೇಕು ಅಂದಿದ್ರ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಸಾಹೇಬ್ರಿಗೆ,

ಫೋನ್ ಮಾಡಿ ಮಾಡಿ ಸಾಕಾಯ್ತು, ನಿಮ್ಮ ಹೋಲ್ಡ್ ಮ್ಯೂಸಿಕ್ ನಮ್ಮ ಮನಿ ಹುಡುಗ್ರಿಗೂ ಬಾಯಿಪಾಠ ಆಗೈತಿ, ಅದಕ್ಕ ಬರದೇ ಕೊಡ್ತೀನಿ. ನಂದು ಗಂಗಾವತ್ಯಾಗ ಆನ್‌ಲೈನ್ ಸೆಂಟರ್. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ್ರ 2018 ಜನವರಿ 1 ತೋರಸ್ತೈತಿ, ಎಫ್1 ಒತ್ತು ಅಂತೈತಿ, ತಾರೀಖು ಸರಿ ಮಾಡೋತನಕ ಪಹಣಿ ಕೊಡೋ ಸರ್ಕಾರದ 'ಭೂಮಿ' ವೆಬ್‌ಸೈಟ್ ತಗಿಯಂಗಿಲ್ಲ. ವೆಬ್‌ಸೈಟ್ ಅಸಲಿ ಅಂತ ತೋರ್ಸೋ ಸರ್ಟಿಫಿಕೇಟ್ ಚಾಲೂ ಆಗೋ ದಿನಾನೇ ಇನ್ನೂ ಬಂದಿಲ್ಲ ಅಂತ ಬ್ರೌಸರ್ ತಿಳ್ಕೊಂತೈತಿ. ಪಹಣಿಗೆ ಬಂದ ರೈತ್ರು ಬೈಯೋದು ನಿಮಗಲ್ರಿ, ನನಗ.

ನಿಮ್ಮ ಕೌಂಟರ್‌ಗೆ ಸಿಪಿಯು ಹೊತ್ಕೊಂಡು ಬಂದು "ತಮ್ಮಾ, ಬ್ಯಾಟರಿ ಹೋಗೇತಿ ನೋಡು" ಅಂದೆ. ಆ ಹುಡುಗ ಮೊಬೈಲ್‌ನಿಂದ ತಲಿ ಎತ್ತಲಿಲ್ಲ. "ಡೆಸ್ಕ್‌ಟಾಪಿಗೆ ಬ್ಯಾಟರಿ ಎಲ್ಲಿರ್ತೈತಣ್ಣ, ಅದು ಲ್ಯಾಪ್‌ಟಾಪಿಗೆ" ಅಂದ. ಸಿಪಿಯು ಡಬ್ಬಿಯ ಪಕ್ಕದ ಮುಚ್ಚಳ ತಗಿಸಿ ಬೆಳ್ಳಿ ಬಿಲ್ಲಿ ಬೆರಳು ಮಾಡಿ ತೋರಿಸಿದೆ. ಆಗ ಒಳಗಿದ್ದವನನ್ನ ಕೂಗಿ "ಲೇ ಬಾರಲೇ, ಅಣ್ಣಾರು ವಾಚ್ ಸೆಲ್ ಹಾಕಿ ಕಂಪ್ಯೂಟರ್ ಓಡಸ್ತಾರಂತ" ಅಂದ. ನಿಂತಿದ್ದ ಗಿರಾಕಿಗಳೆಲ್ಲ ನಕ್ರು, ಅವ್ರಾಗ ನನ್ನ ಸೆಂಟರಿಗೆ ಬರೋರೂ ಇದ್ರು. ಆಮ್ಯಾಲ ನನ್ನ ಕೈಯಾಗ ಮದರ್‌ಬೋರ್ಡ್ ಬದಲಿಗೆ 6,800 ರೂಪಾಯಿ ಎಸ್ಟಿಮೇಟು, ಮ್ಯಾಲ ಚೆಕಿಂಗ್ ಚಾರ್ಜ್ ಜಿಎಸ್‌ಟಿ ಸೇರಿ 590. ಏನು ಚೆಕ್ ಮಾಡಿದ್ರೋ ದೇವ್ರಿಗೇ ಗೊತ್ತು.

ಆ ಬೆಳ್ಳಿ ಬಿಲ್ಲಿ ಸಿಆರ್2032 ಅನ್ನೋ ಸೆಲ್ರಿ. 3 ವೋಲ್ಟ್, 20 ಮಿಲಿಮೀಟರ್ ಅಗಲ, ಈಗಿನ ಒಂದ್ ರೂಪಾಯಿ ನಾಣ್ಯದಷ್ಟು. ಅದು ಕಂಪ್ಯೂಟರ್ ಓಡಸಂಗಿಲ್ಲ, ಕರೆಂಟ್ ಇಲ್ಲದಾಗ ಒಳಗಿನ ಗಡಿಯಾರ ಓಡಸ್ತೈತಿ, ಸೆಟಿಂಗ್ಸೂ ಕಾಯ್ತೈತಿ. ಪ್ಲಗ್ ಹಾಕಿದ್ರ ಗಡಿಯಾರಕ್ಕ ಕರೆಂಟ್ ಅಲ್ಲಿಂದ್ಲೇ ಸಿಗ್ತೈತಿ, ನಮ್ಮ ಕಡೆ ಮಳಿ ಗುಡುಗು ಅಂತ ರಾತ್ರಿ ಪ್ಲಗ್ ಕಿತ್ತೇ ಇಡಬೇಕು, ಆಗ ಪೂರಾ ಭಾರ ಸೆಲ್ ಮ್ಯಾಲ, ಕೆಲವು ವರ್ಷಕ್ಕ ಅದು ಖಾಲಿ ಆಗೋದೇ. ಬೋರ್ಡೇ ಸತ್ತಿದ್ರ ಸಂಜಿತನಕ ನಾ ಅದ್ರಾಗ ಹೆಂಗ ಪ್ರಿಂಟ್ ಹೊಡೀತಿದ್ದೆ, ಭೂತ ಬಂದು ನಡಸ್ತಿತ್ತೇನ್ರಿ?

ವಾರಂಟ್ಯಾಗ ಸೆಲ್ ಬರಂಗಿಲ್ಲ ಅಂತ ನಿಮ್ಮ ಕಾರ್ಡ್‌ನಾಗೇ ಐತಿ, ಒಪ್ಪಿದೆ, ಸೆಲ್ಲಿನ ರೊಕ್ಕ ನಾನೇ ಕೊಡ್ತೀನಿ. ಆದ್ರ ಮೂರು ವರ್ಷ ಬೋರ್ಡ್ ನಿಮ್ಮ ಜವಾಬ್ದಾರಿ ಅಂತನೂ ಅದೇ ಕಾರ್ಡ್‌ನಾಗ ಐತಿ, ಅದನ್ನ ಬರದವ್ರು ನೀವು, ಓದಿ ಹೇಳೋ ಕೆಲಸ ನನಗ್ಯಾಕ. ಬೋರ್ಡ್ ಕೆಟ್ಟಿದ್ರ ಪುಗಸಟ್ಟೆ ಹಾಕ್ರಿ, ಕೆಡದಿದ್ರ 6,800 ಯಾತಕ್ಕ ಅಂತ ಬರದು ಕೊಡ್ರಿ.

590 ವಾಪಸ್ ಬರಬೇಕು, ಸಿಪಿಯು ಬರಬೇಕು, ಅದರ ಹಳೇ ಸೆಲ್ಲೂ ಬರಬೇಕು. ಇಲ್ಲಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಿ ಸುಮ್ಮನಾಗೋ ಮನುಷ್ಯ ಅಲ್ಲ ನಾನು. ಕೊಪ್ಪಳದ ಗ್ರಾಹಕರ ಆಯೋಗಕ್ಕ ಹೋಗ್ತೀನಿ, 5 ಲಕ್ಷದೊಳಗಿನ ಮಾಲಿಗೆ ಫೀಸೂ ಇಲ್ಲ, ವಕೀಲ್ರೂ ಬೇಕಾಗಿಲ್ಲ, ಅರ್ಜಿ ಟೈಪ್ ಮಾಡೋದು ನನ್ನ ದಂಧೇನೇ. ಆ ಕೌಂಟರ್ ಹುಡುಗನ ಹೆಸ್ರೂ ಅದ್ರಾಗ ಇರ್ತೈತಿ, ನಗೋದಿದ್ರ ಅಲ್ಲಿ ಬಂದು ನಗ್ಲಿ.

ಇಂತಿ,
ನಿಮ್ಮ ಗಿರಾಕಿ (ಇನ್ನೂ ಸ್ವಲ್ಪ ದಿನ)