ತೆನೆಯ ಕೂದಲು ಒಣಗಿದರೆ ಕಾಳಿಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಜಗಳೂರು ತಾಲ್ಲೂಕಿನಲ್ಲಿ ಮೂರು ಎಕರೆ ಮೆಕ್ಕೆಜೋಳ ಬೆಳೆಯುವವಳು. ಹೋದ ವರ್ಷ ತೆನೆ ಸುಲಿದರೆ ತುದಿಯಲ್ಲಿ ನಾಲ್ಕು ಬೆರಳಷ್ಟು ಕಾಳೇ ಇರಲಿಲ್ಲ. ಬೀಜವೇ ಸರಿಯಿಲ್ಲ ಅಂದುಕೊಂಡೆ. ಮಗಳು ಹಿತ್ತಲಿನ ದಾಸವಾಳ ಕಿತ್ತು ತಂದು ತೋರಿಸಿದಳು. ನಡುವಿನ ಕಡ್ಡಿಯ ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡುಗಳು. ಅದೇ ಶಲಾಕಾಗ್ರ, ಪರಾಗ ಬಂದು ಕೂರುವ ಜಾಗ. "ಜೋಳದಲ್ಲಿ ಈ ಕೆಲಸ ಮಾಡೋದು ತೆನೆಯ ಕೂದಲು ಅಮ್ಮ" ಅಂದಳು.

ಒಂದೊಂದು ಕೂದಲಿಗೂ ಒಂದೊಂದು ಕಾಳು. ಗಿಡದ ನೆತ್ತಿಯ ಗಂಡು ಹೂವಿನಿಂದ ಗಾಳಿಗೆ ಉದುರಿದ ಹುಡಿ ಆ ಕೂದಲಿನ ಸಣ್ಣ ರೋಮಕ್ಕೆ ಅಂಟಿ ಮೊಳೆಯುತ್ತದೆ. ಒಳಗೇ ಕೊಳವೆ ಇಳಿಸಿ ಸುಮಾರು ಒಂದು ದಿನದಲ್ಲಿ ಬುಡ ಮುಟ್ಟುತ್ತದೆ. ತುದಿಯ ಕಾಳಿನ ಕೂದಲು ಹೊರಬರುವುದು ಕೊನೆಗೆ. ಅಷ್ಟರಲ್ಲಿ ನೀರಿಲ್ಲದೆ ಒಣಗಿದರೆ ಆ ಜಾಗ ಬರಿದು. ನಮ್ಮ ಬೋರ್‌ವೆಲ್ ಮೋಟಾರ್ ಸುಟ್ಟಿದ್ದೂ ಅದೇ ವಾರ. ಸುಮ್ನೆ ಬೀಜವನ್ನು ಬೈದೆ.

ಈ ಸಲ ಒಂದು ತೆನೆ ಮುರಿದು, ಸಿಪ್ಪೆ ಮೆಲ್ಲಗೆ ಬಿಡಿಸಿ ಅಲ್ಲಾಡಿಸಿದೆ. ಫಲ ಕಟ್ಟಿದ ಕಾಳಿನ ಕೂದಲು ತಾನಾಗೇ ಉದುರಿತು. ಕಟ್ಟದವು ಅಂಟಿಕೊಂಡೇ ಇದ್ದವು. ಬರೀ ಏಳೆಂಟು! ಎಷ್ಟು ಸಮಾಧಾನ ಆಯಿತು ಗೊತ್ತಾ.

ದಾವಣಗೆರೆ ಕಡೆ ಮೆಕ್ಕೆಜೋಳವೇ ಜಾಸ್ತಿ ಅಲ್ವಾ? ಕೂದಲು ಬರುವ ದಿನಗಳಲ್ಲಿ ನೀರು ತಪ್ಪಿಸಬೇಡಿ ಅಂತ ನಿಮ್ಮ ಕೃಷಿ ಪುಟದಲ್ಲಿ ಆ ಹೊತ್ತಿಗೇ ಬರೆಯಿರಿ. ಕಟಾವಿನ ಮೇಲೆ ಓದಿ ಏನು ಮಾಡುವುದು? ಮಕ್ಕಳಿಗೂ ದಾಸವಾಳದ ಜೊತೆ ಒಂದು ತೆನೆ ಬಿಡಿಸಿ ತೋರಿಸಲಿ.

– ರೈತ ಮಹಿಳೆ, ಜಗಳೂರು ತಾಲ್ಲೂಕು