ವಾರ್ಡಿನಲ್ಲಿ ತೊಟ್ಟಿಕ್ಕುವುದು ಮಳೆ ನೀರಲ್ಲ

ಮಾನ್ಯರೇ,

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕನ ಆರೈಕೆಗೆಂದು ಆಸ್ಪತ್ರೆಯೊಂದರ ಹೊಸ ಕಟ್ಟಡದಲ್ಲಿ ಮೂರು ರಾತ್ರಿ ಕಳೆದೆ. ಮಂಚದ ಪಕ್ಕದಲ್ಲಿ ನೀಲಿ ಬಕೆಟ್ ಇಟ್ಟಿದ್ದರು. ಸೀಲಿಂಗಿನಿಂದ ಅದಕ್ಕೆ ಹನಿ ಬೀಳುತ್ತಿತ್ತು. ತಾರಸಿ ಸೋರುತ್ತಿದೆ ಎಂದರು. ನಾವಿದ್ದದ್ದು ನೆಲ ಅಂತಸ್ತಿನಲ್ಲಿ, ಮೇಲೆ ಇನ್ನೂ ಎರಡು ಮಹಡಿಗಳಿದ್ದವು!

ಹತ್ತೊಂಬತ್ತು ವರ್ಷ ಕೊಲ್ಲಿಯಲ್ಲಿ ಹವಾನಿಯಂತ್ರಣದ ತಣ್ಣೀರು ಪೈಪುಗಳನ್ನು ಜೋಡಿಸಿದವನು ನಾನು. ಸರಿದಿದ್ದ ಸೀಲಿಂಗ್ ಹಲಗೆಯ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ಕಪ್ಪು ರಬ್ಬರ್ ಹೊದಿಕೆ ಚೆನ್ನಾಗಿಯೇ ಇತ್ತು. ಪೈಪನ್ನು ಹಿಡಿದು ನಿಲ್ಲಿಸುವ ಕ್ಲಾಂಪ್ ಬರುವ ಕಡೆ ಮಾತ್ರ ಅದನ್ನು ಕೊಯ್ದು, ಕಬ್ಬಿಣದ ಮೇಲೆ ಕಬ್ಬಿಣವನ್ನೇ ಬಿಗಿದಿದ್ದರು. ಬೋಲ್ಟಿನ ತುದಿಯಲ್ಲಿ ಹನಿ ತೂಗುತ್ತಿತ್ತು, ಸುತ್ತ ತುಕ್ಕು ಹಿಡಿದಿತ್ತು.

ಪೈಪಿನೊಳಗಿನ ನೀರು ಸುಮಾರು 7 ಡಿಗ್ರಿ. ನಮ್ಮ ಮಳೆಗಾಲದ ಗಾಳಿ 28 ಡಿಗ್ರಿ, ತೇವಾಂಶ ಶೇ. 90 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಲೋಹವೆಲ್ಲ ಬೆವರುತ್ತದೆ. ಇದನ್ನು ತಡೆಯಲೆಂದೇ ಪೈಪ್ ಮತ್ತು ಕ್ಲಾಂಪಿನ ನಡುವೆ ಗಟ್ಟಿ ಪಫ್ (ಪಾಲಿಯುರೆಥೇನ್ ಫೋಮ್) ತುಂಡು ಇಡುವುದು, ಅದರ ಅಂಚನ್ನು ಆವಿ ನುಗ್ಗದಂತೆ ಮುಚ್ಚುವುದು. ಮೆತ್ತನೆಯ ಹೊದಿಕೆಯ ಮೇಲೆಯೇ ಕ್ಲಾಂಪ್ ಬಿಗಿದರೂ ಸಾಲದು. ನೀರು ತುಂಬಿದ 6 ಇಂಚಿನ ಉಕ್ಕಿನ ಪೈಪ್ ಮೀಟರಿಗೆ ಸುಮಾರು 47 ಕಿಲೋ ತೂಗುತ್ತದೆ. ಮೂರು ಮೀಟರಿಗೊಂದು ಕ್ಲಾಂಪ್ ಎಂದರೆ ಒಂದೊಂದರ ಮೇಲೂ 140 ಕಿಲೋ ಭಾರ. ರಬ್ಬರ್ ಅಪ್ಪಚ್ಚಿಯಾಗಿ ಅಲ್ಲೂ ಬೆವರದೆ ಇರುತ್ತದೆಯೇ?

ಇದು ನಾನು ಹೊಸದಾಗಿ ಹೇಳುತ್ತಿರುವ ಸಂಗತಿಯಲ್ಲ. ಹೊದಿಕೆಯ ಮೇಲೆ ಒತ್ತಡ ಬೀಳದಂತೆ ಪೈಪಿಗೆ ಆಧಾರ ಕೊಡಬೇಕು, ಹೊದಿಕೆಗೂ ಕ್ಲಾಂಪಿಗೂ ನಡುವೆ, ಕ್ಲಾಂಪಿನ ಎರಡೂ ಬದಿಗೆ 15 ಸೆಂಟಿಮೀಟರ್ ಚಾಚುವಂತೆ ತಗಡು ಇಡಬೇಕು ಎಂಬ ಸಾಲು ನಮ್ಮ ಸರಕಾರಿ ಟೆಂಡರುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗುತ್ತಿಗೆದಾರ ದರ ನಮೂದಿಸುವುದೂ ಅದನ್ನು ಓದಿಯೇ. ಕೆಲಸದಲ್ಲಿ ಅದು ಕಾಣೆಯಾಗುವುದು ಸೀಲಿಂಗ್ ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ ಎಂಬ ಧೈರ್ಯದಿಂದ. ಕೊಲ್ಲಿಯಲ್ಲಿ ನಮ್ಮ ಇನ್‌ಸ್ಪೆಕ್ಟರ್ ಪ್ರತಿ ಕ್ಲಾಂಪಿನ ಕೆಳಗೂ ಬೆರಳಾಡಿಸಿ ನೋಡಿದ ಮೇಲೆಯೇ ಸೀಲಿಂಗ್ ಹಲಗೆ ಏರಿಸಲು ಬಿಡುತ್ತಿದ್ದ. ಒಮ್ಮೆ ನನ್ನ ಕೈಯಲ್ಲೇ ನಲವತ್ತು ಕ್ಲಾಂಪ್ ಬಿಚ್ಚಿಸಿದ. ಆಗ ಸಿಟ್ಟು ಬಂದಿತ್ತು.

ಕಾಸರಗೋಡು ಜಿಲ್ಲೆಯಲ್ಲಿ ಈಗ ಕಟ್ಟುತ್ತಿರುವ ಆಸ್ಪತ್ರೆ, ಕಾಲೇಜುಗಳ ಎಂಜಿನಿಯರುಗಳಲ್ಲಿ ನನ್ನ ವಿನಂತಿ ಇಷ್ಟೆ: ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಆಧಾರದ ಫೋಟೋ ತೆಗೆದು ಅಳತೆ ಪುಸ್ತಕದೊಂದಿಗೆ ಇಡಿ, ಅದಿಲ್ಲದೆ ಬಿಲ್ ಪಾಸು ಮಾಡಬೇಡಿ. ಪಂಚಾಯತ್ ಸದಸ್ಯರೂ ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಮಗಾರಿಯನ್ನು ಕಣ್ಣಾರೆ ನೋಡುವುದಕ್ಕೂ ಸಾಮಗ್ರಿಯ ಮಾದರಿ ಪಡೆಯುವುದಕ್ಕೂ ಅವಕಾಶವಿದೆ. ನೋಡಲು ಹೋಗುವವರು ಕರೆದರೆ ಟಾರ್ಚ್ ಹಿಡಿದು ನಾನೂ ಬರುತ್ತೇನೆ.

– ಒಬ್ಬ ನಿವೃತ್ತ ಪೈಪ್ ಫಿಟ್ಟರ್, ಬದಿಯಡ್ಕ